ಮೂರರಲ್ಲೊಂದು ಸುಳ್ಳು

ಜನವರಿ ೯

ಲಿಫ್ಟು,

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಮಾತನ್ನು ಅತ್ತಿಗೆ ಆವತ್ತು ಹೇಳಿದ್ದು ನಿನ್ನ ಬಗ್ಗೆಯೋ ನನ್ನ ಬಗ್ಗೆಯೋ, ಬೆಳಿಗ್ಗೆಯಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ನಿಮ್ಮ ಅಂಗಡಿಯ ಕೌಂಟರಿನ ಹಿಂದೆ ನಿಂತಿದ್ದರು. ಡ್ರೈಕ್ಲೀನಿಂಗಿಗೆ ಬಂದ ಯಾರದೋ ಪ್ಯಾಂಟಿನ ಜೇಬನ್ನು ಹೊರಗೆಳೆದು ಕೊಡವುತ್ತಿದ್ದರು. ತಲೆ ಎತ್ತದೆ ಹೇಳಿದರು. ಅಷ್ಟು ಮಾತ್ರ ಉಳಿದಿದೆ. ನಿನ್ನ ಬಗ್ಗೆಯೇ ಇರಬೇಕು ಬಿಡು.

ನಿನ್ನ ಉತ್ತರ ಬಂತು. ಇಷ್ಟು ದಿನ ಸುಮ್ಮನಿದ್ದು ಮೂರು ಸಾಲು ಬರೆದಿದ್ದೀಯ. ನಿಯಮಕ್ಕೆ ಅಷ್ಟು ಸಾಕು, ನಿಜ. ಅತ್ತಿಗೆ ಈ ಆಟ ಶುರುಮಾಡಿದಾಗ ಹೇಳಿದ್ದು ಇಷ್ಟೇ: ಹವ್ಯಾಸದ ಬಗ್ಗೆ ಒಂದು ಪ್ರಶ್ನೆ, ನಂಬಿಕೆಯ ಬಗ್ಗೆ ಒಂದು, ನಂಟಿನ ಬಗ್ಗೆ ಒಂದು. ಮೂರು ಉತ್ತರ. ಅದರಲ್ಲಿ ಒಂದು ಸುಳ್ಳಾಗಿರಲೇಬೇಕು, ಯಾವುದೆಂದು ಎದುರಿನವರು ಹಿಡಿಯಬೇಕು. ಅಂಗಡಿಯ ಬಾಗಿಲು ಅರ್ಧ ಎಳೆದು, ಇಸ್ತ್ರಿ ಮೇಜಿನ ತುದಿಯಲ್ಲಿ ಚಹಾದ ಲೋಟ ಇಟ್ಟುಕೊಂಡು ಆಡುತ್ತಿದ್ದ ದಿನಗಳಲ್ಲಿ ಅವರನ್ನು ನಾವಿಬ್ಬರೂ ಒಮ್ಮೆಯಾದರೂ ಸೋಲಿಸಿದ್ದೇವೆಯೇ? ಜಡ್ಜಮ್ಮ ಎಂದು ಹೆಸರಿಟ್ಟವನು ನೀನೇ. ನೀವು ಅಂಗಡಿ ಬಿಟ್ಟುಕೊಟ್ಟು ಮಗಳ ಊರಿಗೆ ಹೊರಟಾಗ, ಇನ್ನು ಮೇಲೆ ಫೋನಿನಲ್ಲಿ ಆಡೋಣ ಎಂದೆ ನಾನು. "ಫೋನಲ್ಲಿ ಬೇಡ. ನಿಮ್ಮಿಬ್ಬರ ದನಿ ಕೇಳಿದ್ರೆ ಸಾಕು, ಸುಳ್ಳು ತಾನಾಗೇ ಎದ್ದು ನಿಲ್ಲುತ್ತೆ. ಕಾಗದ ಬರೀರಿ, ಸ್ವಲ್ಪನಾದ್ರೂ ಕಷ್ಟ ಆಗಲಿ ನಂಗೆ" ಎಂದರು ಅತ್ತಿಗೆ.

ಈಗ ನಿನ್ನ ಉತ್ತರಗಳು. ಒಂದು, ಅಡುಗೆ ಕಲಿಯುತ್ತಿದ್ದೀಯ. ಎರಡು, ದಿನವೂ ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಬೇಡಿಕೊಳ್ಳುತ್ತೀಯ. ಮೂರು, ನೀನೂ ಅತ್ತಿಗೆಯೂ ಈಚೆಗೆ ಒಂದೇ ಒಂದು ಜಗಳ ಆಡಿಲ್ಲ.

ಮೊದಲನೆಯದನ್ನು ಮಗಳ ಒತ್ತಾಯ ಎಂದು ನಂಬುತ್ತೇನೆ. ಎರಡನೆಯದು ಅನುಮಾನ, ಲಿಫ್ಟು ಮೇಲೆ ಹೋಗುವುದು ಮೋಟಾರಿನಿಂದ, ಮೇಲಿರುವವನಿಂದಲ್ಲ ಎಂದು ನನಗೆ ಪಾಠ ಹೇಳಿದವನು ನೀನು. ಆದರೂ ವಯಸ್ಸು ಯಾರನ್ನು ಬಿಟ್ಟಿದೆ. ಮೂರನೆಯದು ಮಾತ್ರ ಹಸಿ ಸುಳ್ಳು. ನೀವಿಬ್ಬರು ಜಗಳ ಆಡದ ದಿನ ನನ್ನ ಮೇಜಿನ ಮೇಲಿನ ಹಲ್ಲುಗಳು ತಾವೇ ಮಾತಾಡಿಕೊಂಡು ಮನೆಗೆ ಹೋಗುತ್ತವೆ. ಹಿಡಿದೆನಲ್ಲ? ಅತ್ತಿಗೆಗೆ ಹೇಳು, ಈ ಸಲ ಜಡ್ಜು ನಾನು.

ನನ್ನದೇನೂ ವಿಶೇಷವಿಲ್ಲ. ಹಲ್ಲಿನ ಕ್ಲಿನಿಕ್ಕಿನ ಹಿಂದಿನ ಕೋಣೆ, ಕಟ್ಟುಹಲ್ಲಿನ ಅದೇ ಮೇಣ, ಅದೇ ಪ್ಲಾಸ್ಟರು. ಕೆಲಸಕ್ಕೆ ಹಿಂದಿನ ಬೀದಿಯಿಂದ ಹೋಗುತ್ತೇನೆ. ಸ್ವಲ್ಪ ದೂರವಾಗುತ್ತದೆ, ಕಾಲಿಗೆ ಒಳ್ಳೆಯದು. ಬಿಳಿ ಕೋಟುಗಳನ್ನು ಈಗ ಮನೆಯಲ್ಲೇ ಒಗೆದುಕೊಳ್ಳುತ್ತೇನೆ.

ನೀನು ಈ ಸಲ ನನಗೆ ಪ್ರಶ್ನೆ ಹಾಕುವುದನ್ನೇ ಮರೆತಿದ್ದೀಯ. ನನ್ನವು ತಗೋ. ಹವ್ಯಾಸ: ನಿನ್ನ ಅಡುಗೆಯನ್ನು ಮೊದಲು ಯಾರ ಮೇಲೆ ಪ್ರಯೋಗ ಮಾಡಿದೆ? ನಂಬಿಕೆ: ಬೇಡಿಕೊಳ್ಳುವುದಾದರೆ ಏನನ್ನು? ನಂಟು: ಜಗಳ ಆಡದಿದ್ದರೆ ದಿನವಿಡೀ ಏನು ಮಾಡುತ್ತೀರಿ?

ಇಂತಿ,
ಹಲ್ಲಪ್ಪ


ಫೆಬ್ರವರಿ ೨

ಹಲ್ಲಪ್ಪ,

ಆ ಕಾಗದದಲ್ಲಿ ಸುಳ್ಳು ಇರಲಿಲ್ಲ. ಮೂರೂ ನಿಜ. ನಿಯಮ ಮುರಿದಿದ್ದು ನಾನು.

ಅಕ್ಟೋಬರಿನಲ್ಲಿ ನಿನ್ನ ಅತ್ತಿಗೆಗೆ ಪಾರ್ಶ್ವವಾಯು ಆಯಿತು. ಮಗಳ ಅಡುಗೆಮನೆಯಲ್ಲಿ ನನ್ನನ್ನು ಬೈಯುತ್ತಿದ್ದಳು. ನಲ್ಲಿ ಸರಿಯಾಗಿ ತಿರುಗಿಸಿಲ್ಲ ಅಂತ. ಬೈಗುಳ ಅರ್ಧದಲ್ಲಿ ನಿಂತಿತು. ನಾನು ಗೆದ್ದೆ ಅಂದುಕೊಂಡು ತಿರುಗಿ ನೋಡಿದೆ.

ಈಗ ಬಲಗೈ ಏಳುವುದಿಲ್ಲ. ನಡೆಸಿದರೆ ನಡೆಯುತ್ತಾಳೆ. ಮಾತು ಹೋಗಿದೆ. ಓದಲೂ ಆಗುವುದಿಲ್ಲ, ಅಕ್ಷರ ಅವಳ ಕಣ್ಣಿಗೆ ನಿಲ್ಲುತ್ತಿಲ್ಲ. ಒಂದೇ ಒಂದು ಶಬ್ದ ಬರುತ್ತದೆ. "ನಾಳೆ." ಗಿರಾಕಿಗಳಿಗೆ ಹೇಳುತ್ತಿದ್ದಳಲ್ಲ, ನಾಳೆ ಬನ್ನಿ, ನಾಳೆ ಬನ್ನಿ ಅಂತ, ಅದರ ಚೂರು ಅದು. ನೀರು ಬೇಕಾ ಅಂದರೆ ನಾಳೆ. ನೋವಿದೆಯಾ ಅಂದರೆ ನಾಳೆ. ಮೊನ್ನೆ ಕನ್ನಡಿ ನೋಡಿಕೊಂಡು ತುಂಬ ಹೊತ್ತು ಹೇಳಿದಳು.

ನಿನಗೆ ನೇರವಾಗಿ ಬರೆಯಲು ಕೈ ಬರಲಿಲ್ಲ. ಆಟದೊಳಗೆ ಇಟ್ಟರೆ ಹಿಡಿಯುತ್ತೀಯ ಅಂದುಕೊಂಡೆ. ನಿನ್ನ ತಪ್ಪಿಲ್ಲ. ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಹಲ್ಲುಗಳು ಮಾತಾಡಿಕೊಂಡು ಮನೆಗೆ ಹೋಗುವ ಕಡೆ ಬಾಯಿಯ ಒಂದು ಬದಿ ಮೇಲೆ ಹೋಯಿತು. ನಕ್ಕಳೋ, ಬಾಯಿ ತಾನಾಗಿ ಹೋಯಿತೋ, ಗೊತ್ತಾಗಲಿಲ್ಲ. ಕಷ್ಟ ಇರುವುದೇ ಇಲ್ಲಿ.

ಅವಳು ಒಳಗೆ ಇದ್ದಾಳೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಡಾಕ್ಟರು ಬೆರಳು ತೋರಿಸಿ, ಕಣ್ಣು ಮುಚ್ಚಿ ಅಂದರೆ ಒಂದು ದಿನ ಮಾಡುತ್ತಾಳೆ, ಒಂದು ದಿನ ಗೋಡೆ ನೋಡುತ್ತಾಳೆ. ಮಾತು ಕಲಿಸುವ ಒಂದು ಜಾಗ ಇದೆ. ದಿನವೂ ಹೋಗಬೇಕು, ತುಂಬ ಹಿಂಸೆ. ಎರಡು ಸಲ ಹೋದೆವು, ಚಿತ್ರದ ಕಾರ್ಡುಗಳನ್ನು ಎತ್ತಿ ಎಸೆದಳು. ಮಗಳು ಹೇಳುತ್ತಾಳೆ, "ಅಪ್ಪ, ಅಮ್ಮಂಗೆ ಏನೂ ತಿಳೀತಿಲ್ಲ. ಯಾಕೆ ಗೋಳು ಹುಯ್ಕೋತೀಯ? ಆರೈಕೆ ಮನೇಲಿ ನೆಮ್ಮದಿಯಾಗಿ ಇರಲಿ." ಕೆಟ್ಟ ಮಾತಲ್ಲ. ಅವಳೂ ಅಳುತ್ತಲೇ ಹೇಳಿದ್ದು. ಏಪ್ರಿಲ್ ಕೊನೆಗೆ ಅಲ್ಲೊಂದು ಕೋಣೆ ಖಾಲಿಯಾಗುತ್ತದೆ.

ನಿನಗೆ ಗೊತ್ತಲ್ಲ ನನ್ನ ಕೆಲಸ. ಲಿಫ್ಟು ಮಧ್ಯದಲ್ಲಿ ನಿಂತಿದೆ, ಗಂಟೆಯ ತಂತಿ ಕಡಿದಿದೆ ಅಂತ ಕರೆ ಬಂದರೆ ಮೊದಲು ಮೋಟಾರು ನೋಡುವುದಲ್ಲ. ಸ್ಪ್ಯಾನರಿನಿಂದ ಬಾಗಿಲು ಬಡಿದು ಕಿವಿ ಇಡುವುದು. ಒಳಗಿನಿಂದ ಯಾರಾದರೂ ತಿರುಗಿ ಬಡಿದರೆ ರಾತ್ರಿಯಾದರೂ ಸರಿ, ಕೈಯಲ್ಲೇ ಚಕ್ರ ತಿರುಗಿಸಿ ಇಳಿಸುತ್ತೇವೆ. ಬಡಿಯದಿದ್ದರೆ ಬೀಗ ಹಾಕಿ ಬೆಳಿಗ್ಗೆ ಬರುತ್ತೇವೆ.

ಒಂದು ಸಹಾಯ ಮಾಡು. ನೀನು ಮೂರು ಉತ್ತರ ಬರೆದು ಕಳಿಸು, ಅವಳಿಗೆ ಅಂತಲೇ. ಅದರಲ್ಲಿ ಒಂದು ಸುಳ್ಳಿರಲಿ. ಅದು ಸುಳ್ಳು ಅಂತ ಅವಳಿಗೆ ಮಾತ್ರ ಗೊತ್ತಿರಬೇಕು, ನನಗೆ ಗೊತ್ತಿರಬಾರದು. ನನಗೆ ಗೊತ್ತಿದ್ದರೆ ಅವಳು ನನ್ನ ಮುಖ ನೋಡಿ ಹೇಳಿಬಿಡುತ್ತಾಳೆ, ಅಥವಾ ನಾನೇ ಹಾಗೆ ಅಂದುಕೊಳ್ಳುತ್ತೇನೆ. ಓದಿ ಅವಳ ಎಡಗೈಯನ್ನು ಮುಂದಿಡುತ್ತೇನೆ. ಎಷ್ಟನೆಯದು ಸುಳ್ಳೋ ಅಷ್ಟು ಬೆರಳು ತೋರಿಸಲಿ.

ನಿನ್ನ,
ಲಿಫ್ಟು


ಫೆಬ್ರವರಿ ೧೭

ಲಿಫ್ಟು,

ನಿನ್ನ ಕಾಗದವನ್ನು ಕೆಲಸದ ಮೇಜಿನ ಮೇಲೆ ಬಿಚ್ಚಿದೆ. ಮೇಣ ಕರಗಿಸಲು ಇಟ್ಟಿದ್ದು ಮರೆತುಹೋಗಿ, ಒಬ್ಬರ ಕೆಳದವಡೆಯ ಅಚ್ಚು ಪೂರ್ತಿ ಹಾಳಾಯಿತು. ಮತ್ತೆ ಅಚ್ಚು ತೆಗೆಯಬೇಕೆಂದು ಡಾಕ್ಟರು ಅವರನ್ನು ಕರೆಸಿದರು.

ನಿನ್ನ ಮೂರನೆಯ ಸಾಲನ್ನು ಓದಿ ನಾನು ನಗೆಯಾಡಿದ್ದನ್ನು ನೀನು ಅವರಿಗೇ ಓದಿ ಹೇಳಿದೆಯಲ್ಲ, ಅದರ ಬಗ್ಗೆ ಏನು ಬರೆಯಲಿ? ಬರೆದದ್ದೆಲ್ಲ ಹರಿದೆ. ನಾವು ಮೂವರೂ ಇಷ್ಟು ವರ್ಷ ಒಬ್ಬರ ಮಾತಿನಲ್ಲಿ ಒಬ್ಬರು ಸುಳ್ಳು ಹುಡುಕುವುದನ್ನೇ ಅಭ್ಯಾಸ ಮಾಡಿಕೊಂಡೆವು. ಬೇರೆ ಯಾರಾದರೂ ಆಗಿದ್ದರೆ ನಿನ್ನ ಮೂರು ಸಾಲು ಓದಿ ಗಾಬರಿಯಾಗಿ ಫೋನ್ ಮಾಡುತ್ತಿದ್ದರು.

ನೀನು ಕೇಳಿದ ಸಹಾಯ ಸುಲಭದ್ದಲ್ಲ. ಅತ್ತಿಗೆಗೆ ಗೊತ್ತಿದ್ದು ನಿನಗೆ ಗೊತ್ತಿಲ್ಲದ್ದು ನನ್ನಲ್ಲಿ ಏನಿದೆ ಎಂದು ತಡಕಾಡಬೇಕಾಯಿತು. ಮನೆಯಲ್ಲಿ ಬೇಡದ ಸಾಮಾನು ಇಡುವ ಅಟ್ಟವನ್ನು ಹತ್ತಿದ ಹಾಗಾಯಿತು. ಓದುವಾಗ ನಿನಗೆ ಆಶ್ಚರ್ಯವಾಗಬಹುದು, ಬೇಜಾರೂ ಆಗಬಹುದು. ದನಿಯಲ್ಲಿ ತೋರಿಸಬೇಡ. ಸರಿಯುತ್ತರವನ್ನು ಅವರು ಬೆರಳು ತೋರಿಸಿದ ಮೇಲೆ ತಿಳಿಸುತ್ತೇನೆ. ಜೊತೆಗಿಟ್ಟ ಹಾಳೆಯನ್ನು ನಿಧಾನವಾಗಿ ಓದು.

ಹಲ್ಲಪ್ಪ

*

ಅತ್ತಿಗೆ,

ಕೋರ್ಟು ಶುರುವಾಗಿದೆ. ಮೂರು ಉತ್ತರ, ಒಂದು ಸುಳ್ಳು. ನಿಮಗಿದು ಎಡಗೈಯ ಆಟ ಎಂದು ನಾನು ಹೇಳಿದರೆ, "ಈಗ ಇರೋದೇ ಅದೊಂದು" ಎಂದು ನೀವು ಅನ್ನಬಹುದು. ಅನ್ನಿ.

ಒಂದು, ಹವ್ಯಾಸ. ನಿಮ್ಮ ಯಜಮಾನರು ನನ್ನ ಹುಟ್ಟುಹಬ್ಬಕ್ಕೆ ತಂದುಕೊಟ್ಟ ಮೌತ್ ಆರ್ಗನ್ನನ್ನು ಈಗಲೂ ಭಾನುವಾರ ಮಧ್ಯಾಹ್ನ ಕಿಟಕಿಯ ಪಕ್ಕ ಕೂತು ನುಡಿಸುತ್ತೇನೆ.

ಎರಡು, ನಂಬಿಕೆ. ನಾನು ಏನನ್ನೂ ನಂಬುವುದಿಲ್ಲ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಆದರೆ ಕೆಲಸದ ದಾರಿಯಲ್ಲಿರುವ ಪ್ರಾರ್ಥನಾ ಮಂದಿರದೊಳಗೆ, ಯಾರೂ ಇಲ್ಲದ ಹೊತ್ತು ನೋಡಿ, ಕೊನೆಯ ಬೆಂಚಿನಲ್ಲಿ ಕೂತು ಬರುತ್ತೇನೆ. ಏನೂ ಕೇಳುವುದಿಲ್ಲ. ಒಮ್ಮೆ ನೀವು ಅಲ್ಲಿನ ಪರದೆಗಳನ್ನು ಒಗೆತಕ್ಕೆ ಒಯ್ಯಲು ಬಂದಾಗ ನನ್ನನ್ನು ನೋಡಿಯೂ ನೋಡದ ಹಾಗೆ ಹೋದಿರಿ.

ಮೂರು, ನಂಟು. ಒಂದು ಹಸಿರು ಉಣ್ಣೆ ಕೋಟನ್ನು ನಿಮ್ಮ ಅಂಗಡಿಗೆ ಕೊಟ್ಟಿದ್ದೆ. ಅದು ಆಗ ನಮ್ಮ ಕ್ಲಿನಿಕ್ಕಿನ ಮುಂದಿನ ಕೌಂಟರಿನಲ್ಲಿ ಕೂರುತ್ತಿದ್ದವಳದು. ಅವಳು ಬೇರೆ ಊರಿಗೆ ಹೊರಟಾಗ ನನ್ನನ್ನೂ ಕರೆದಳು. ನಾನು ಹೋಗಲಿಲ್ಲ. ಕೋಟನ್ನು ನಿಮ್ಮಲ್ಲಿಂದ ತರುವುದು ಮರೆತುಹೋಯಿತು. ಅದರ ನೆನಪೂ ಆಮೇಲೆ ಬಂದಿಲ್ಲ, ಅವಳ ನೆನಪೂ ಬಂದಿಲ್ಲ. ಒಬ್ಬನೇ ಇರುವುದು ನನಗೆ ಒಗ್ಗಿದೆ.

ಬೆರಳು ತೋರಿಸಿ.

ನಿಮ್ಮ ಆರೋಪಿ,
ಹಲ್ಲಪ್ಪ


ಮಾರ್ಚ್ ೬

ಹಲ್ಲಪ್ಪ,

ಓದಿದೆ. ಊಟ ಆದ ಮೇಲೆ, ಅವಳ ಮುಖ ಚೆನ್ನಾಗಿದ್ದಾಗ. ಮೊದಲ ಸಾಲಿಗೆ ಮೂಗಿನಲ್ಲಿ ಸಣ್ಣ ಸದ್ದು ಮಾಡಿದಳು. ಎರಡನೆಯದಕ್ಕೆ ಸುಮ್ಮನಿದ್ದಳು. ಮೂರನೆಯದು ಓದುವಾಗ ನಾನೇ ತಡವರಿಸಿದೆ. ಪೂರ್ತಿ ಓದಿ, "ಜಡ್ಜಮ್ಮ, ತೀರ್ಪು ಹೇಳಮ್ಮ" ಅಂದೆ. "ನಾಳೆ" ಅಂದಳು. ಆಮೇಲೆ ಎಡಗೈ ಎತ್ತಿ ಮೂರು ಬೆರಳು ತೋರಿಸಿದಳು.

ಕೈ ನಡುಗಿ ಹಾಗಾಯಿತೇನೋ ಅಂತ ಬಿಟ್ಟು, ಇನ್ನೊಂದು ದಿನ ಓದಿದೆ. ಮೂರು. ಮಗಳು ಓದಿದಾಗಲೂ ಮೂರೇ. ಮಗಳು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಮೂರೇ ಸರಿಯುತ್ತರ ಆಗಿದ್ದರೆ ನಾನು ಅವಳನ್ನು ಎತ್ತಿಕೊಂಡಾದರೂ ಆ ಮಾತು ಕಲಿಸುವ ಜಾಗಕ್ಕೆ ದಿನವೂ ಹೋಗುತ್ತೇನೆ.

ಆ ಕೌಂಟರಿನವಳ ವಿಷಯ ನನಗೆ ಗೊತ್ತಿರಲಿಲ್ಲ. ನೀನು ಹೇಳಲಿಲ್ಲ, ಇವಳೂ ಹೇಳಲಿಲ್ಲ. ಬೇಜಾರಿಲ್ಲ. ಸ್ವಲ್ಪ ಇದೆ. ಆಗ ನಾವು ದಿನವೂ ಒಟ್ಟಿಗೆ ಚಹಾ ಕುಡಿಯುತ್ತಿದ್ದೆವಲ್ಲ ಮಾರಾಯ.

ಸರಿಯುತ್ತರ ಬೇಗ ಬರಿ.

ಲಿಫ್ಟು


ಮಾರ್ಚ್ ೧೩

ಲಿಫ್ಟು,

ಸರಿಯುತ್ತರ ಒಂದು.

ಮೌತ್ ಆರ್ಗನ್ನು ನನ್ನ ಹತ್ತಿರ ಇಲ್ಲ. ನೀನು ಕೊಟ್ಟ ಒಂದು ವಾರಕ್ಕೇ ಅತ್ತಿಗೆಯ ಕೈಗೆ ಕೊಟ್ಟು, "ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ, ಅವನಿಗೆ ಹೇಳಬೇಡಿ" ಎಂದಿದ್ದೆ. ದಿನವೆಲ್ಲ ಬೇರೆಯವರ ಬಾಯಿಯ ಅಚ್ಚು ಹಿಡಿದು ಕೂರುವವನಿಗೆ ಸಂಜೆ ಅದನ್ನು ಬಾಯಿಗಿಡಲು ಮನಸ್ಸಾಗುತ್ತಿರಲಿಲ್ಲ. ಇದು ಅವರು ಮರೆಯುವ ವಿಷಯವಲ್ಲ. ಎಷ್ಟೋ ತಿಂಗಳು ನೀನಿಲ್ಲದಾಗ ನನ್ನನ್ನು ಅದೇ ಹೇಳಿ ಹಂಗಿಸುತ್ತಿದ್ದರು. ಆದ್ದರಿಂದಲೇ ಅದನ್ನು ಆರಿಸಿದ್ದು. ಮೂರನೆಯದು ನಿಜ.

ಮೂರೇ ಸರಿ ಎಂದು ಬರೆದುಬಿಡಬಹುದಿತ್ತು. ಹಾಗೆ ಬರೆದ ಹಾಳೆಯೂ ಇಲ್ಲೇ ಇದೆ. ಆದರೆ ನೀನು ಬಾಗಿಲಿಗೆ ಕಿವಿ ಇಟ್ಟು ನಿಂತಿರುವಾಗ ನಾನು ಹೊರಗಿನಿಂದ ಗೋಡೆ ಬಡಿದು ಒಳಗಿನವರ ಸದ್ದು ಎಂದು ನಂಬಿಸಲಾರೆ.

ಕ್ಷಮಿಸು.

ಹಲ್ಲಪ್ಪ


ಏಪ್ರಿಲ್ ೨

ಹಲ್ಲಪ್ಪ,

ನಿಜ ಬರೆದಿದ್ದಕ್ಕೆ ಉಪಕಾರವಾಯಿತು.

ಆರೈಕೆ ಮನೆಯವರಿಗೆ ಒಪ್ಪಿಗೆ ಹೇಳಿದೆ. ತಿಂಗಳ ಕೊನೆಗೆ ಕರೆದುಕೊಂಡು ಹೋಗುತ್ತೇವೆ. ಜಾಗ ಚೊಕ್ಕವಾಗಿದೆ. ಕಿಟಕಿ ದೊಡ್ಡದಿದೆ. ದಿನವೂ ಹೋಗಿ ಕೂರಬಹುದಂತೆ. ಲಿಫ್ಟು ಹಳೆಯದು, ಬಾಗಿಲು ಹಾಕುವಾಗ ಒದರುತ್ತದೆ. ಎಣ್ಣೆ ಹಾಕಿಕೊಡುತ್ತೇನೆ ಅಂದೆ, ಅವರು ನಕ್ಕರು.

ನಿನ್ನೆ ಅವಳ ಬಟ್ಟೆ ಜೋಡಿಸುತ್ತಿದ್ದೆ. ನಾನು ಮಡಿಸಿಟ್ಟ ರವಿಕೆಯನ್ನು ಎಡಗೈಯಿಂದ ಎಳೆದು ಬಿಚ್ಚಿದಳು. ಮತ್ತೆ ಮಡಿಸಿದೆ, ಮತ್ತೆ ಬಿಚ್ಚಿದಳು. ಮಡಿಕೆ ಸರಿಯಿಲ್ಲ ಅಂತ ಇರಬೇಕು ಅನ್ನಿಸಿತು. ಆಮೇಲೆ, ನಾನು ನನಗೆ ಬೇಕಾದ ಅರ್ಥ ಹಚ್ಚುತ್ತಿದ್ದೇನೆ ಅಂತಲೂ ಅನ್ನಿಸಿತು. ಇನ್ನು ಅರ್ಥ ಹಚ್ಚುವುದು ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಬಾಗಿಲು ಬಡಿದದ್ದಾಯಿತು.

ಆಟ ಇಲ್ಲಿಗೆ ನಿಲ್ಲಿಸೋಣ.

ಲಿಫ್ಟು


ಏಪ್ರಿಲ್ ೧೧

ಲಿಫ್ಟು,

ಎರಡು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ನಿನ್ನ ಮಗಳ ನಂಬರು ನನ್ನಲ್ಲಿಲ್ಲ. ಇದನ್ನು ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ. ಮೊದಲು ಇಷ್ಟು ಓದಿಕೋ: ಆರೈಕೆ ಮನೆಯವರಿಗೆ ಕೋಣೆ ಬೇಡ ಎಂದು ಹೇಳು. ಉಳಿದದ್ದು ಆಮೇಲೆ ಓದು.

ನಿನ್ನ ಕಾಗದ ಬಂದ ದಿನ ಸಂಜೆ ಕೆಲಸ ಮುಗಿಸಿ ಹೊರಟೆ. ಎಂದಿನಂತೆ ಹಿಂದಿನ ಬೀದಿಗೆ ತಿರುಗಿದೆ. ಅಲ್ಲಿ ರಸ್ತೆ ಅಗೆದು ಅಡ್ಡ ಹಲಗೆ ಇಟ್ಟಿದ್ದರು. ನಿಮ್ಮ ಹಳೆಯ ಅಂಗಡಿಯ ಬೀದಿಯಿಂದ ಹೋಗಬೇಕಿತ್ತು. ನಾನು ಹೋಗಲಿಲ್ಲ. ಹಲಗೆಯ ಪಕ್ಕದ ಕೆಸರಿನಲ್ಲಿ ಕಾಲಿಟ್ಟು, ಪೈಪಿನ ಮೇಲೆ ಹತ್ತಿ ದಾಟಲು ನೋಡಿದೆ. ಅಗೆಯುತ್ತಿದ್ದವನು ಗುದ್ದಲಿ ಊರಿ ನನ್ನನ್ನೇ ನೋಡಿದ. "ಏನ್ ಸಾರ್, ಆ ಕಡೆ ಅಷ್ಟು ಚೆನ್ನಾಗಿರೋ ರಸ್ತೆ ಇದೆ. ಅಲ್ಲಿ ಯಾರಿಗಾದ್ರೂ ಸಾಲ ತೀರಿಸೋದಿದೆಯಾ?" ಎಂದ.

ನಾನು ನಕ್ಕೆ. ನಗುತ್ತ ನಿಂತಲ್ಲೇ ನಿಂತೆ. ನೀವು ಊರು ಬಿಟ್ಟಾಗಿನಿಂದ ನಾನು ಆ ಬೀದಿಯಲ್ಲಿ ನಡೆದಿಲ್ಲ. ಕಾಲಿಗೆ ಒಳ್ಳೆಯದು ಎಂದು ನಿನಗೆ ಬರೆದಿದ್ದೆ, ನನಗೂ ಹಾಗೇ ಹೇಳಿಕೊಂಡಿದ್ದೆ. ನೀವಿದ್ದಾಗ ಅಂಗಡಿಗೆ ಬರುತ್ತಿದ್ದೆ ನಿಜ, ಆದರೆ ಯಾವಾಗಲೂ ಬಾಗಿಲಿಗೆ ಮುಖ ಮಾಡಿ ಕೂರುತ್ತಿದ್ದೆ. ಹಿಂದಿನ ಗೋಡೆಯ ಉದ್ದಕ್ಕೆ ಬಟ್ಟೆ ತೂಗುಹಾಕುವ ಕಂಬಿ ಇತ್ತಲ್ಲ, ಅದು ನನ್ನ ಬೆನ್ನಿಗೆ ಇರುತ್ತಿತ್ತು. "ಆ ಕುರ್ಚೀನೇ ಯಾಕೆ ಬೇಕು ಇವನಿಗೆ" ಎಂದು ನೀನೊಮ್ಮೆ ಕೇಳಿದೆ. ಅತ್ತಿಗೆ, "ಗಾಳಿ ಬರುತ್ತಲ್ಲ" ಎಂದರು. ನನ್ನ ಪರವಾಗಿ ಅವರು ಹೇಳಿದ ಸುಳ್ಳು ಅದೊಂದೇ ಇರಬೇಕು.

ಅಂಗಡಿಗೆ ಹೋದೆ. ನಿಮ್ಮಿಂದ ಕೊಂಡವನು ಕೌಂಟರನ್ನು ಎಡಕ್ಕೆ ಸರಿಸಿದ್ದಾನೆ. ಮಿಕ್ಕದ್ದೆಲ್ಲ ಹಾಗೇ ಇದೆ, ಆ ವಾಸನೆ ಕೂಡ.

"ಸುಮ್ಮನೆ ಕೇಳ್ತಿದ್ದೀನಿ" ಎಂದೆ. "ಹಳೇ ಬಟ್ಟೆ, ಯಾರೂ ತೊಗೊಂಡು ಹೋಗದೆ ಇದ್ದದ್ದು, ಏನು ಮಾಡ್ತೀರಿ?"

"ವರ್ಷ ನೋಡ್ತೀವಿ, ಆಮೇಲೆ ಕೊಟ್ಟುಬಿಡ್ತೀವಿ. ಯಾವ ಬಟ್ಟೆ?"

"ಕೋಟು. ಹಸಿರು. ಹೆಂಗಸರದು."

"ಚೀಟಿ ಇದೆಯಾ?"

"ಇಲ್ಲ."

ಅವನು ಕನ್ನಡಕ ಹಣೆಗೇರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹಲ್ಲಿನವರಾ ನೀವು?"

ಹೌದೆಂದೆ.

"ಬಂದ್ರಾ ಅಂತೂ. ಅಂಗಡಿ ವಹಿಸಿಕೊಡೋವಾಗ ಅಮ್ಮ ಹೇಳಿದ್ರು. ಇದೊಂದನ್ನ ಮಾರಬೇಡ, ಯಾರಿಗೂ ಕೊಡಬೇಡ. ಇದಕ್ಕೆ ಒಬ್ಬ ಬರ್ತಾನೆ. ಯಾವಾಗ ಅಂತ ಕೇಳಬೇಡ. ಅವನ ಹತ್ರ ಚೀಟಿ ಇರಲ್ಲ, ಸುಮ್ಮನೆ ಕೇಳ್ತಿದ್ದೀನಿ ಅಂತಾನೆ, ಮರೆತಿದ್ದೆ ಅಂತಾನೆ. ಅವನು ಮರೆತಿರಲ್ಲ. ಅಂತ." ಒಳಗೆ ಹೋಗುತ್ತ, "ನಾನು ನಿಮ್ಮನ್ನ ಇನ್ನೂ ಸ್ವಲ್ಪ ವಯಸ್ಸಾದವರು ಅಂದ್ಕೊಂಡಿದ್ದೆ" ಎಂದ.

ಕಂಬಿಯ ಕಟ್ಟಕಡೆಯಲ್ಲಿತ್ತು, ಹೊಸ ಪ್ಲಾಸ್ಟಿಕ್ ಕವರಿನಲ್ಲಿ. ಪ್ರತಿ ವರ್ಷ ಕವರು ಬದಲಾಯಿಸು ಎಂದೂ ಹೇಳಿ ಹೋಗಿದ್ದಾರಂತೆ. ಬಲ ತೋಳಿನ ಮೇಲೆ ಬಿಳಿಯ ಕಲೆ ಇನ್ನೂ ಸ್ವಲ್ಪ ಇದೆ. ಅದು ನನ್ನ ಪ್ಲಾಸ್ಟರು. ಅವಳು ಊಟದ ವಿರಾಮದಲ್ಲಿ ನನ್ನ ಹಿಂದಿನ ಕೋಣೆಗೆ ಬಂದು, ಸಾಲಾಗಿ ಇಟ್ಟ ದವಡೆಗಳಿಗೆಲ್ಲ ಒಂದೊಂದು ಹೆಸರು ಹೇಳುತ್ತ ಮೇಜಿಗೆ ಒರಗಿದಾಗ ಹತ್ತಿಕೊಂಡದ್ದು. ನಾನು ಒಗೆಸಿ ಕೊಡುತ್ತೇನೆ ಎಂದೆ. ಅಷ್ಟರಲ್ಲಿ ಅವಳಿಗೆ ಬೇರೆ ಊರಿನ ಕೆಲಸ ಬಂತು. ಹೊರಡುವಾಗ ಹೆಚ್ಚೇನೂ ಹೇಳಲಿಲ್ಲ. "ಚಳಿ ಶುರುವಾಗೋ ಮೊದಲು ಕೋಟು ತೊಗೊಂಡು ಬಾ" ಎಂದಳು. ಅಂಚೆಯಲ್ಲಿ ಕಳಿಸು ಎನ್ನಲಿಲ್ಲ. ನನಗೆ ಅರ್ಥವಾಯಿತು. ಅಂಗಡಿಯಿಂದ ಕೋಟು ಬಿಡಿಸಿಕೊಂಡರೆ ಹೊರಡಬೇಕಾಗುತ್ತದೆ, ಆದ್ದರಿಂದ ಬಿಡಿಸಿಕೊಳ್ಳಲಿಲ್ಲ. ಚಳಿ ಬಂತು, ಹೋಯಿತು. ಹೀಗೆ ಮರೆಯುವುದಕ್ಕೆ ಎಷ್ಟು ಎಚ್ಚರ ಬೇಕು ಎಂದು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ.

ಇವತ್ತು ಬೆಳಿಗ್ಗೆ ಚಹಾ ಮಾಡುವಾಗ ನೋಡಿದೆ, ನಾನು ಲೋಟ ತೊಳೆಯುವುದು ಎರಡು. ಕುಡಿಯುವುದು ಒಂದರಲ್ಲಿ. ಯಾವಾಗಿನಿಂದ ಹೀಗೋ ತಿಳಿಯದು.

ಬೆಕ್ಕಿನ ಮಾತೂ ಈಗ ನೆನಪಾಗಿದೆ. ಆ ಕೋಟನ್ನು ಕೌಂಟರಿನ ಮೇಲಿಟ್ಟು, "ಯಾರೋ ಪರಿಚಯದವರದು" ಎಂದು ನಾನು ಹೇಳಿದ ದಿನ. ಅತ್ತಿಗೆ ಯಾರದೋ ಪ್ಯಾಂಟಿನ ಜೇಬು ಹೊರಗೆಳೆಯುತ್ತ, ತಲೆ ಎತ್ತದೆ ಹೇಳಿದರು. ನಿನ್ನ ಬಗ್ಗೆ ಅಲ್ಲ.

ಆದ್ದರಿಂದ ನಾನು ಕಳಿಸಿದ ಹಾಳೆಯಲ್ಲಿ ಎರಡು ಸುಳ್ಳಿದ್ದವು. ಒಂದು ನಾನು ಬೇಕೆಂದು ಇಟ್ಟದ್ದು. ಅದಕ್ಕೆ ಅವರು ಮೂಗಿನಲ್ಲಿ ಸದ್ದು ಮಾಡಿದರು ಎಂದು ನೀನೇ ಬರೆದಿದ್ದೆ, ನಾವಿಬ್ಬರೂ ಗಮನಿಸಲಿಲ್ಲ. ಇನ್ನೊಂದು, ಕೋಟನ್ನೂ ಅವಳನ್ನೂ ಮರೆತೆ ಎಂದದ್ದು, ನನಗೇ ಗೊತ್ತಿಲ್ಲದೆ ಬಂದದ್ದು. ಜಡ್ಜಮ್ಮ ದೊಡ್ಡದನ್ನು ಹಿಡಿದರು. ಒಂದು ಸಲವಲ್ಲ, ನೀನು ಓದಿದಾಗಲೂ, ಮಗಳು ಓದಿದಾಗಲೂ. ನನಗೆ ಸಿಗದ ಸುಳ್ಳು ಅವರಿಗೆ ಸಿಕ್ಕಿತು. ಒಳಗೆ ಯಾರೂ ಇಲ್ಲದಿದ್ದರೆ ಇದನ್ನು ಬಡಿದವರು ಯಾರು?

ನಿನ್ನನ್ನು ಸಮಾಧಾನ ಮಾಡಲು ಕಟ್ಟಿದ ಕಥೆ ಇದು ಎಂದು ನಿನಗೆ ಅನ್ನಿಸುತ್ತದೆ. ಅನ್ನಿಸಲಿ. ಅಂಗಡಿಯವನಿಗೆ ಫೋನ್ ಮಾಡಿ ಕೇಳು, ನಂಬರು ನಿನ್ನ ಹತ್ತಿರವೇ ಇದೆ. ಅಥವಾ ನನ್ನನ್ನು ಇಷ್ಟು ವರ್ಷದಿಂದ ಬಲ್ಲವನಾಗಿ ಯೋಚಿಸು, ಇಂಥದ್ದನ್ನು ನಾನು ಸುಳ್ಳಿಗಾದರೂ ಬಾಯಿ ಬಿಟ್ಟು ಹೇಳುವವನೇ.

ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡವರು ಮೊದಲ ವಾರ ಕನ್ನಡಿ ಮುಂದೆ ಕೂತು ಅಳುವುದನ್ನು ನೋಡಿದ್ದೇನೆ. ಬಾಯಿ ತಮ್ಮದಲ್ಲ ಎನ್ನುತ್ತಾರೆ. ಕಿತ್ತು ಮೇಜಿನ ಮೇಲೆ ಎಸೆಯುತ್ತಾರೆ. ಎಸೆಯದೆ ಸುಮ್ಮನಿರುವವರ ಬಗ್ಗೆಯೇ ನನಗೆ ಹೆದರಿಕೆ. ಅತ್ತಿಗೆ ಕಾರ್ಡು ಎಸೆದಿದ್ದಾರೆ, ನೀನು ಮಡಿಸಿದ ರವಿಕೆ ಬಿಚ್ಚಿದ್ದಾರೆ. ನಿನ್ನ ಮಡಿಕೆ ನಾನೂ ನೋಡಿದ್ದೇನೆ. ನನಗೆ ಕೈ ಸ್ವಾಧೀನವಿಲ್ಲದಿದ್ದರೂ ಬಿಚ್ಚುತ್ತಿದ್ದೆ. ಜಗಳ ಆಡಿಲ್ಲ ಎಂದು ಬರೆದೆಯಲ್ಲ, ಅದೂ ಈಗ ನಿಜವಲ್ಲ. ಅವರು ಶುರುಮಾಡಿದ್ದಾರೆ, ನೀನು ತಿರುಗಿ ಆಡುತ್ತಿಲ್ಲ ಅಷ್ಟೇ. ಕರೆದುಕೊಂಡು ಹೋಗು ಆ ಮಾತು ಕಲಿಸುವ ಜಾಗಕ್ಕೆ. ಹಿಂಸೆಯಾಗಲಿ. ಚಕ್ರ ಕೈಯಲ್ಲೇ ತಿರುಗಿಸು.

ನಾನು ಮುಂದಿನ ವಾರ ಹೊರಟು ಬರುತ್ತೇನೆ. ಕಾರ್ಡು ಎತ್ತಿಕೊಡಲು ಒಬ್ಬ ಆಳು ಬೇಕಾಗುತ್ತಾನೆ.

ಇಂತಿ,
ಹಲ್ಲಪ್ಪ

ಕೆಳಗಿನದನ್ನು ಅವರಿಗೆ ಓದು. ಪಕ್ಕದಲ್ಲಿ ಕೂತು, ನಿಧಾನವಾಗಿ.

ಅತ್ತಿಗೆ, ತೀರ್ಪು ಒಪ್ಪಿದೆ. ಕೋಟು ಈಗ ನನ್ನ ಮನೆಯಲ್ಲಿ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಜೇಬುಗಳನ್ನು ಹೊರಗೆಳೆದು ನೋಡಿದೆ, ನೀವು ಮಾಡುತ್ತಿದ್ದ ಹಾಗೆ. ಏನೂ ಇರಲಿಲ್ಲ. ಒಗೆದ ಕೋಟಿನ ಜೇಬಿನಲ್ಲಿ ಏನಿರುತ್ತದೆ. ಅವಳು ಈಗ ಎಲ್ಲಿದ್ದಾಳೋ, ಯಾರ ಜೊತೆ ಇದ್ದಾಳೋ, ಅಲ್ಲಿ ಎಷ್ಟು ಚಳಿಯೋ ನನಗೆ ಗೊತ್ತಿಲ್ಲ. ನಿಮಗೆ ಒಂದು ಪ್ರಶ್ನೆ ಇದೆ. ಇದಕ್ಕೆ ಬೆರಳು ಸಾಲದು, ಮೂರರಲ್ಲಿ ಒಂದು ಆರಿಸುವಂಥದ್ದಲ್ಲ. ಬಾಯಿಬಿಟ್ಟೇ ಹೇಳಬೇಕು, ತಡವಾದರೂ ಪರವಾಗಿಲ್ಲ, ನೀವು ನನಗಾಗಿ ಕಾದಷ್ಟು ನಾನೂ ಕಾಯುತ್ತೇನೆ. "ನಾಳೆ" ಎಂದು ಮಾತ್ರ ಅನ್ನಬೇಡಿ, ಅದನ್ನು ನಾನೇ ಇಷ್ಟು ವರ್ಷ ಅಂದದ್ದಾಗಿದೆ.

ಈ ಕೋಟನ್ನು ನಾನು ಏನು ಮಾಡಲಿ?